ಟ್ಯಾಂಗ್ರಾದ ಚೀನೀ ಸ್ತ್ರೀ: ಮನೆ, ಕಾರಖಾನೆ, ಕಾಯದೆ

ಭಾರತಕ್ಕೆ ವಲಸೆ ಬಂದ ಚೀನೀಯರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಒಬ್ಬ ಪುರುಷನಿಂದಲೇ ಆರಂಭಿಸುತ್ತಾರೆ. ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ವಾರನ್ ಹೇಸ್ಟಿಂಗ್ಸನಿಂದ ಭೂಮಿ ಪಡೆದು, ಕಲಕತ್ತೆಯ ಹತ್ತಿರ ಕಬ್ಬು ಬೆಳೆಸಿ ಸಕ್ಕರೆಯ ಕಾರಖಾನೆ ಹೂಡಿದ ಅಛೂ ಎಂಬವನೇ ಆ ಪುರುಷ. ಅಛಿಪುರವೆಂಬ ಊರಿನಲ್ಲಿ ಅವನ ಹೆಸರು ಇಂದಿಗೂ ಉಳಿದಿದೆ. ಅವನ ತರುವಾಯ ಬಂದ ಬಡಗಿಗಳೂ ಪಾದರಕ್ಷೆ ಮಾಡುವವರೂ ಪುರುಷರಾಗಿಯೇ ನಮಗೆ ಪರಿಚಿತರು. ಹೆಂಗಸರು ತಡವಾಗಿ ಬಂದರು. ಬಂದ ಮೇಲೂ ‘ಇಂಥವನ ಹೆಂಡತಿ’ ಎಂಬ ಮಾತಿನ ಹೊರತು ಅವರ ವಿಷಯದಲ್ಲಿ ಹೆಚ್ಚಿನದು ಬರೆಯಲ್ಪಡಲಿಲ್ಲ. ಈ ಕೊರತೆಯನ್ನು ಈಚಿನ ಮೂರು ಕೃತಿಗಳು ಎಷ್ಟರ ಮಟ್ಟಿಗೆ ತುಂಬಿವೆ ಎಂಬುದನ್ನು ನೋಡುವದು ಪ್ರಸ್ತುತ ಲೇಖನದ ಉದ್ದೇಶ. ಎಲೆನ್ ಆಕ್ಸ್‌ಫೆಲ್ಡ್ ಅವರ ‘ಬ್ಲಡ್, ಸ್ವೆಟ್, ಅಂಡ್ ಮಾಜಾಂಗ್’ (೧೯೯೩), ರೀತಾ ಚೌಧುರಿಯವರ ಅಸಮೀಯಾ ಕಾದಂಬರಿ ‘ಮಾಕುಮ್’ (೨೦೧೦), ಜಾಯ್ ಮಾ ಹಾಗೂ ದಿಲೀಪ್ ಡಿಸೋಜಾ ಅವರ ‘ದಿ ದೇವಲಿವಾಲಾಸ್’ (೨೦೨೦) ಇವೇ ಆ ಮೂರು.

ಹುಕ್ಕೇರಿ ತಾಲೂಕಿನ ಹತ್ತರಗಿಯವನಿಗೆ ಕಲಕತ್ತೆಯ ಚೀನೀಯರ ಗೊಡವೆ ಏಕೆಂದು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ: ತೊಗಲು. ಅಥಣಿ, ನಿಪ್ಪಾಣಿ, ಕೊಲ್ಹಾಪುರಗಳ ಚಪ್ಪಲಿಯನ್ನು ಮೆಟ್ಟಿ ಬೆಳೆದವನಿಗೆ ತೊಗಲು ಹದ ಮಾಡುವ ಇನ್ನೊಂದು ಸಮಾಜದ ಮನೆವಾರ್ತೆ ಸಹಜವಾಗಿಯೇ ಕುತೂಹಲವನ್ನು ಹುಟ್ಟಿಸುತ್ತದೆ.

ಆಕ್ಸ್‌ಫೆಲ್ಡ್ ಅವರು ಮಾನವಶಾಸ್ತ್ರಜ್ಞೆ. ಕಲಕತ್ತೆಯ ಪೂರ್ವದಂಚಿನ ಟ್ಯಾಂಗ್ರಾದಲ್ಲಿ ನೆಲೆಸಿದ ಹಕ್ಕಾ ಚೀನೀಯರ ನಡುವೆ ಅವರು ೧೯೮೦ರ ದಶಕದಲ್ಲಿ ವಾಸವಾಗಿದ್ದು ಈ ಗ್ರಂಥವನ್ನು ಸಿದ್ಧಪಡಿಸಿದರು. ಕ್ವಾಂಗ್‌ತುಂಗ್ ಪ್ರಾಂತದಿಂದ ಬಂದ ಈ ಜನ, ಮೇಲ್ಜಾತಿಯ ಹಿಂದುಗಳು ಮೈಲಿಗೆಯೆಂದು ದೂರವಿಟ್ಟ ವೃತ್ತಿಯನ್ನು ಕೈಗೆತ್ತಿಕೊಂಡು ಅದರಿಂದಲೇ ಸಂಪತ್ತನ್ನು ಗಳಿಸಿದರು. ಅಲ್ಲಿ ಮನೆ ಬೇರೆ, ಕಾರಖಾನೆ ಬೇರೆ ಅಲ್ಲ. ಒಂದೇ ಕಟ್ಟಡದಲ್ಲಿ ಸಂಸಾರ ವಾಸಿಸುವದು, ಅಲ್ಲಿಯೇ ತೊಗಲು ನೆನೆಯುವದು, ಒಣಗುವದು. ಇಂಥ ವ್ಯವಸ್ಥೆಯಲ್ಲಿ ಸ್ತ್ರೀಯ ಕೆಲಸಕ್ಕೆ ಮೇರೆಯನ್ನು ಗುರುತಿಸುವದು ಕಷ್ಟ. ೧೯೯೧ರಷ್ಟು ಹಿಂದೆಯೇ ಪ್ರತ್ಯೇಕ ಪ್ರಬಂಧವೊಂದರಲ್ಲಿ ಗಂಡು-ಹೆಣ್ಣುಗಳ ಶ್ರಮವಿಭಾಗವನ್ನು ಚರ್ಚಿಸಿದ ಲೇಖಕಿ, ಸಣ್ಣ ಕಾರಖಾನೆಯ ಗೃಹಿಣಿಗೂ ದೊಡ್ಡ ಕಾರಖಾನೆಯ ಗೃಹಿಣಿಗೂ ಇರುವ ಅಂತರವನ್ನು ಸೂಕ್ಷ್ಮವಾಗಿ ಕಂಡಿದ್ದಾರೆ. ಮೊದಲನೆಯವಳು ತಾನೇ ಕೈ ಹಚ್ಚಿ ದುಡಿಯುತ್ತಾಳೆ. ಉದ್ಯಮ ಬೆಳೆದಂತೆ ಎರಡನೆಯವಳು ಉತ್ಪಾದನೆಯಿಂದ ಹಿಂದೆ ಸರಿಯುತ್ತಾಳೆ. ಇದನ್ನು ಏಳಿಗೆಯೆಂದು ಕರೆಯುವದು ವಾಡಿಕೆ. ನನಗೆ ಹಾಗೆ ತೋರುವದಿಲ್ಲ. ಮನೆತನದ ಪ್ರತಿಷ್ಠೆ ಏರಿದ್ದು ನಿಜ. ಆದರೆ ವ್ಯವಹಾರದಲ್ಲಿ ಮಾತನಾಡುವ ಅಧಿಕಾರ ಅವಳಿಗೆ ಯಾವ ಕೆಲಸದಿಂದ ಬಂದಿತ್ತೋ ಆ ಕೆಲಸವೇ ಅವಳ ಕೈಬಿಟ್ಟಿತು. ಮುಂದೆ ಅಣ್ಣತಮ್ಮಂದಿರು ಪಾಲಾದಾಗ ಆಸ್ತಿಯು ಗಂಡುಮಕ್ಕಳಲ್ಲಿ ಹಂಚಿಕೆಯಾಗುವದು. ತಾಯಿಯ ದುಡಿಮೆ ಆ ಆಸ್ತಿಯೊಳಗೆ ಕರಗಿರುತ್ತದೆ, ಪಾಲಿನ ಲೆಕ್ಕದಲ್ಲಿ ಕಾಣುವದಿಲ್ಲ.

ಇಲ್ಲಿಯವರೆಗೆ ಗ್ರಂಥವು ಪ್ರಶಂಸಾರ್ಹವಾಗಿದೆ. ಆದರೆ ೧೯೬೨ರ ಯುದ್ಧವನ್ನು ಅದು ಮುಖ್ಯವಾಗಿ ಆ ಸಮಾಜ ಪರಕೀಯವಾಗಿ ಉಳಿದುದರ ಕಾರಣವೆಂದು ಕಾಣುತ್ತದೆ. ಕುಟುಂಬವನ್ನು ಕುರಿತ ತನ್ನ ವಿಚಾರಕ್ಕೆ ಅದನ್ನು ಸಾಕಷ್ಟು ಜೋಡಿಸುವದಿಲ್ಲ. ಆ ವರ್ಷದ ವಿದೇಶೀಯರ ಕಾಯದೆಯನ್ನು ನೋಡಬೇಕು. ತಾನಾಗಲಿ, ತಂದೆತಾಯಿಗಳಲ್ಲಿ ಒಬ್ಬರಾಗಲಿ, ಅಜ್ಜ-ಅಜ್ಜಿಯರಲ್ಲಿ ಯಾರೇ ಆಗಲಿ ಎಂದಾದರೂ ಆಕ್ರಮಣಕಾರಿ ದೇಶದ ಪ್ರಜೆಯಾಗಿದ್ದರೆ ಅಂಥವನಿಗೆ ವಿದೇಶೀಯರ ನಿರ್ಬಂಧಗಳು ಅನ್ವಯಿಸುವಂತೆ ಅದು ವಿಧಿಸಿತು. ವಂಶಾವಳಿಯಲ್ಲಿ ಗಣನೆಗೆ ಬಾರದ ತಾಯಿ, ಪಾಲುಪತ್ರದಲ್ಲಿ ಇಲ್ಲದ ಅಜ್ಜಿ, ಈ ಒಂದು ಕಾಗದದಲ್ಲಿ ಮಾತ್ರ ಗಂಡಸಿಗೆ ಸರಿಸಮಳಾದಳು. ಅವಳ ರಕ್ತವನ್ನು ಪೂರ್ತಿಯಾಗಿ ಎಣಿಸಿದ್ದು ಸಂಶಯದ ಕಾಯದೆ! ಈ ವೈಚಿತ್ರ್ಯವನ್ನು ಮೂರು ಕೃತಿಗಳಲ್ಲಿ ಯಾವದೂ ಎತ್ತಿ ತೋರಿಸಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ.

‘ಮಾಕುಮ್’ ಕಾದಂಬರಿ ಈ ಮಾತಿಗೆ ತೀರ ಸಮೀಪ ಬರುತ್ತದೆ. ಅಸ್ಸಾಮಿನ ಚಹದ ತೋಟಗಳಿಗೆ ಬ್ರಿಟಿಷರು ಕರೆತಂದ ಚೀನೀಯರು ಸ್ಥಳೀಯ ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯವರೇ ಆದದ್ದು, ಯುದ್ಧದ ಸಮಯದಲ್ಲಿ ಆ ಬೆಸುಗೆಯೆಲ್ಲ ಬಿಚ್ಚಿಹೋದದ್ದು ಅದರ ವಸ್ತು. ಆದರೆ ಕಥಾನಾಯಿಕೆ ಮೇಲಿನ್‌ಳನ್ನು ನಾವು ನೆನಪಿಡುವದು ಪತಿಯಿಂದ ಅಗಲಿದ ವಿರಹಿಣಿಯೆಂದು. ಕರುಣರಸ ಪ್ರಬಲವಾದಲ್ಲಿ ದುಡಿಮೆ ಹಿನ್ನೆಲೆಗೆ ಸರಿಯುವದು ಕಾದಂಬರಿಗಳ ಹಳೆಯ ರೂಢಿ. ಅದಕ್ಕಾಗಿ ರೀತಾ ಚೌಧುರಿಯವರನ್ನು ದೂರಲಾರೆ. ಮರೆತ ಜನರನ್ನು ಅಸಮೀಯಾ ಓದುಗರ ಮುಂದೆ ತಂದ ಶ್ರೇಯಸ್ಸು ಅವರದು.

‘ದೇವಲಿವಾಲಾಸ್’ ಬೇರೆ ಜಾತಿಯ ಗ್ರಂಥ. ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಸುಮಾರು ೩,೦೦೦ ಚೀನೀ ಮೂಲದ ಜನರನ್ನು ಇಡಲಾಗಿತ್ತು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಲೇಖಕಿ ಜಾಯ್ ಮಾ ಹುಟ್ಟಿದ್ದೇ ಆ ಶಿಬಿರದಲ್ಲಿ. ಸೆರೆಯಲ್ಲಿ ಬಾಣಂತನವಾದ ತಾಯಿಯ ಮಗಳು ಬರೆದ ಮಾತಿಗೆ ಯಾವ ಸರಕಾರಿ ಕಡತವೂ ಸಾಟಿಯಲ್ಲ. ಆದರೆ ಗ್ರಂಥದ ಒಲವು ಸರಕಾರದಿಂದ ಕ್ಷಮಾಯಾಚನೆಯನ್ನು ಪಡೆಯುವದರ ಕಡೆಗಿದೆ. ಆದ್ದರಿಂದ ಬಂಧನಕ್ಕೆ ಮೊದಲಿನ ಜೀವನವು ಹೆಚ್ಚಾಗಿ ‘ಕಳೆದುಕೊಂಡದ್ದು’ ಎಂಬ ರೂಪದಲ್ಲಿ ಬರುತ್ತದೆ. ಆ ಅಂಗಡಿಯ ಗಲ್ಲೆಯ ಮೇಲೆ ಕುಳಿತವರು ಯಾರು, ಸಾಲವನ್ನು ವಸೂಲು ಮಾಡಿದವರು ಯಾರು, ಬಿಡುಗಡೆಯಾದ ಮೇಲೆ ಬರಿಗೈಯಿಂದ ಒಲೆ ಹೊತ್ತಿಸಿದವರು ಯಾರು ಎಂಬ ವಿವರಗಳನ್ನು ಓದುಗನು ಸಾಕ್ಷಿಗಳ ಮಾತಿನ ಸಂದುಗಳಿಂದ ಹೆಕ್ಕಿಕೊಳ್ಳಬೇಕಾಗುತ್ತದೆ.

ಹೀಗೆ ಒಂದು ಕೃತಿಯಲ್ಲಿ ದುಡಿಯುವವಳು, ಉಳಿದೆರಡರಲ್ಲಿ ನೊಂದವಳು. ಅವಳು ಒಬ್ಬಳೇ ಆಗಿದ್ದಳೆಂಬುದನ್ನು ಇತಿಹಾಸಕಾರನು ಮರೆಯಬಾರದು. ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಗಾರಿಕೆಯ ಕಾರಖಾನೆಗಳನ್ನು ಸ್ಥಳಾಂತರಿಸಲು ಆಜ್ಞಾಪಿಸಿತು. ಟ್ಯಾಂಗ್ರಾ ಈಗ ಭೋಜನಗೃಹಗಳಿಗೆ ಹೆಸರಾಗಿದೆ; ಅನೇಕ ಮನೆತನಗಳು ಕೆನಡಾದ ಟೊರೊಂಟೊ ಸೇರಿವೆ. ಪ್ರತ್ಯಕ್ಷ ಕಂಡವರು ಕಡಿಮೆಯಾಗುತ್ತಿದ್ದಾರೆ.

ನಮ್ಮ ಕಡೆಯ ಮಾತನ್ನೂ ಆಡಬೇಕು. ಸಮಗಾರ ಹರಳಯ್ಯನ ಕಥೆಯಲ್ಲಿ ಬಸವಣ್ಣನವರಿಗಾಗಿ ಮಾಡಿದ ಚಮ್ಮಾವುಗೆಗೆ ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮವೂ ಸೇರಿತ್ತೆಂಬುದನ್ನು ಬಲ್ಲೆವು. ಜನಪದವು ಅವಳ ಪಾಲನ್ನು ಮರೆಯಲಿಲ್ಲ. ನಮ್ಮ ಸಮೀಕ್ಷೆಗಳು ಮಾತ್ರ ಮರೆಯುತ್ತವೆ. ಕಳೆದ ವರ್ಷ ನನ್ನ ಕೆಲವು ವಿದ್ಯಾರ್ಥಿಗಳು ಚಪ್ಪಲಿ ಕಟ್ಟುವ ಮನೆಗಳಿಗೆ ಹೋಗಿ ನಮೂನೆಗಳನ್ನು ತುಂಬಿ ತಂದರು. ಒಂದರಲ್ಲಿ ಗೃಹಿಣಿಯ ಹೆಸರಿನ ಮುಂದೆ, ಉದ್ಯೋಗದ ಅಂಕಣದಲ್ಲಿ, ‘ಇಲ್ಲ’ ಎಂದಿತ್ತು. ತುಂಬಿದ ಹುಡುಗನನ್ನು ವಿಚಾರಿಸಿದೆ. ತಾನು ಕೇಳಿದ ಪ್ರಶ್ನೆಗಳಿಗೆಲ್ಲ ಆಕೆ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಲೇ ಉತ್ತರ ಕೊಟ್ಟಳೆಂದು ಹೇಳಿದ. ಆ ನಮೂನೆಯನ್ನು ಸಿದ್ಧಪಡಿಸಿದವನು ನಾನೇ.