ಪಕ್ಕದ ಮನೆಯ ಗೋಲು

ನಗೀಬ್ ಮಹಫೂಜ್ ಅವರ ‘ಮಿದಕ್ ಗಲ್ಲಿ’ ಕಾದಂಬರಿ ಪ್ರಕಟವಾದದ್ದು 1947ರಲ್ಲಿ. ಅದರ ಆರಂಭದಲ್ಲೇ ಕರುಳು ಹಿಂಡುವ ಪ್ರಸಂಗವೊಂದು ಬರುತ್ತದೆ. ಕೈರೋದ ಹಳೆಯ ಓಣಿಯ ಕಾಫಿ ಅಂಗಡಿಗೆ ಮುದುಕ ಕಥೆಗಾರನೊಬ್ಬ ಎಂದಿನಂತೆ ರಬಾಬ ವಾದ್ಯ ಹಿಡಿದು ಬರುತ್ತಾನೆ. ವೀರರ ಕಥೆಗೆ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಂಗಡಿಯ ಯಜಮಾನ ಕಿರ್ಶ ತಡೆಯುತ್ತಾನೆ. ನಿನ್ನ ಕಥೆಗಳೆಲ್ಲ ಜನಕ್ಕೆ ಬಾಯಿಪಾಠವಾಗಿವೆ, ಈಗ ಅವರಿಗೆ ಬೇಕಿರುವುದು ರೇಡಿಯೋ ಎಂದುಬಿಡುತ್ತಾನೆ. ಮುದುಕ ವಾದ್ಯ ಎತ್ತಿಕೊಂಡು ಹೊರಡುತ್ತಾನೆ.

ಅರಬ್ ನಾಡುಗಳ ಜನ ಫುಟ್‌ಬಾಲ್ ನೋಡುವ ಬಗೆ ಹೇಗೆ ಬದಲಾಗುತ್ತಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಈ ಮುದುಕ ನೆನಪಾಗುತ್ತಾನೆ. ಅವನ ಜಾಗಕ್ಕೆ ರೇಡಿಯೋ ಬಂತು, ರೇಡಿಯೋ ಜಾಗಕ್ಕೆ ಟಿವಿ ಬಂತು, ಟಿವಿಯ ನೆತ್ತಿಯ ಮೇಲೆ ಡಿಶ್ ಬಂತು. ಕುರ್ಚಿಗಳು ಮಾತ್ರ ಇದ್ದಲ್ಲೇ ಇದ್ದವು. ಎಪ್ಪತ್ತು ವರ್ಷಗಳಲ್ಲಿ ಕೇಳುವ ವಸ್ತು ಬದಲಾಯಿತೇ ಹೊರತು ಕೂಡಿ ಕೇಳುವ ಜಾಗ ಬದಲಾಗಿರಲಿಲ್ಲ. ಈಗ ಮೊದಲ ಸಲ ಪಂದ್ಯವೇ ಕಾಫಿ ಅಂಗಡಿಯಿಂದ ಎದ್ದು ಒಬ್ಬೊಬ್ಬರ ಅಂಗೈ ಸೇರುತ್ತಿದೆ.

ಈಜಿಪ್ಟಿನ ಆಡುಮಾತಿನಲ್ಲಿ ಕಾಫಿಗೂ ಕಾಫಿ ಅಂಗಡಿಗೂ ಒಂದೇ ಹೆಸರು: ಅಹ್ವಾ. ದೊಡ್ಡ ಪಂದ್ಯದ ರಾತ್ರಿ ಅಹ್ವಾದ ಕುರ್ಚಿಗಳು ಪಾದಚಾರಿ ದಾರಿ ದಾಟಿ ಬೀದಿಗೇ ಇಳಿಯುತ್ತವೆ, ಎಲ್ಲವೂ ಒಂದೇ ಪರದೆಯತ್ತ ಮುಖಮಾಡಿ. ಗಾಜಿನ ಲೋಟದಲ್ಲಿ ಕಡು ಚಹಾ, ಶೀಶಾದ ಹೊಗೆ, ಹಿಂದೆ ನಿಂತವರ ಮೊಣಕೈ. 2018ರ ಮೇ 26ರಂದು ಕೀವ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಾಗ ರಂಜಾನ್ ತಿಂಗಳು. ಉಪವಾಸ ಮುರಿದ ಜನ ತಮ್ಮ ನಾಡಿನ ಆಟಗಾರ ಮೊಹಮ್ಮದ್ ಸಲಾಹನನ್ನು ನೋಡಲು ಅಹ್ವಾಗಳಲ್ಲಿ ಕಿಕ್ಕಿರಿದಿದ್ದರು. ಅರ್ಧ ಗಂಟೆಯ ಹೊತ್ತಿಗೆ ಅವನು ಭುಜ ಹಿಡಿದುಕೊಂಡು ಅಳುತ್ತ ಮೈದಾನದಿಂದ ಹೊರನಡೆದ. ಇಡೀ ಬೀದಿ ಒಟ್ಟಿಗೆ ಉಸಿರು ಬಿಗಿಹಿಡಿಯುವುದೆಂದರೆ ಏನೆಂದು ಆ ರಾತ್ರಿ ಅಲ್ಲಿ ಕೂತವರಿಗೆ ಗೊತ್ತು. ಮನೆಯ ಮಂಚದ ಮೇಲೆ ಒಬ್ಬರೇ ಕೂತು ಫೋನಿನಲ್ಲಿ ನೋಡಿದವರಿಗೂ ದುಃಖವಾಗಿರಬಹುದು, ಆದರೆ ಅದು ಬೇರೆ ದುಃಖ.

ಈ ಕೂಟಕ್ಕೆ ಪ್ರೀತಿಯೊಂದೇ ಕಾರಣವಲ್ಲ, ದುಡ್ಡೂ ಕಾರಣ. ಒಂದು ಕಾಲದಲ್ಲಿ ಪಂದ್ಯ ಸರ್ಕಾರಿ ವಾಹಿನಿಯಲ್ಲಿ ಪುಕ್ಕಟೆ ಬರುತ್ತಿತ್ತು. 1990ರ ಜೂನ್ 12ರಂದು ಪಲೆರ್ಮೊದಲ್ಲಿ, 1934ರ ನಂತರದ ತನ್ನ ಮೊದಲ ವಿಶ್ವಕಪ್ ಪಂದ್ಯದಲ್ಲಿ, ಈಜಿಪ್ಟ್ ಯೂರೋಪಿನ ಚಾಂಪಿಯನ್ ನೆದರ್ಲೆಂಡ್ಸ್ ಜೊತೆ 1–1 ಸಮ ಮಾಡಿಕೊಂಡಿತು. ಮಗ್ದಿ ಅಬ್ದೆಲ್ ಘನಿ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ವೀಕ್ಷಕ ವಿವರಣೆಗಾರ ಮಹಮೂದ್ ಬಕ್ರ್ ಆಕಾಶದ ನ್ಯಾಯವೇ ಪಲೆರ್ಮೊ ಮೈದಾನಕ್ಕೆ ಇಳಿಯಿತು ಎಂದರು. ಆ ಮಾತು ಈಜಿಪ್ಟಿನಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತದೆ. ಇಡೀ ದೇಶ ಆ ಕ್ಷಣದಲ್ಲಿ ಒಂದೇ ದನಿ ಕೇಳುತ್ತಿದ್ದರಿಂದ ಅದಕ್ಕೆ ಆ ಆಯುಸ್ಸು ಬಂತು.

ಆಮೇಲೆ ಹಕ್ಕುಗಳು ಚಂದಾ ವಾಹಿನಿಗಳ ಪಾಲಾದವು. ಮೊದಲು ಸೌದಿ ಬಂಡವಾಳದ ‘ಎಆರ್‌ಟಿ’, ನಂತರ 2009ರಲ್ಲಿ ಅದರ ಕ್ರೀಡಾ ವಾಹಿನಿಗಳನ್ನು ಕೊಂಡ ಕತಾರಿನ ‘ಅಲ್ ಜಜೀರಾ ಸ್ಪೋರ್ಟ್’, 2014ರಿಂದ ಅದೇ ‘ಬಿಇನ್ ಸ್ಪೋರ್ಟ್ಸ್’ ಎಂಬ ಹೊಸ ಹೆಸರಿನಲ್ಲಿ. ಚಂದಾ ಕಟ್ಟಲಾಗದ ಮನೆಗಳ ಪರವಾಗಿ ಓಣಿಯ ಅಹ್ವಾ ಚಂದಾ ಕಟ್ಟಿತು. ಒಂದು ಲೋಟ ಚಹಾದ ಬೆಲೆಗೆ ಮ್ಯಾಡ್ರಿಡ್, ಲಿವರ್‌ಪೂಲ್, ಮಿಲಾನ್ ಎಲ್ಲವೂ ಸಿಕ್ಕಿತು.

ಅದರ ಜೊತೆಗೆ ದೊಡ್ಡದೊಂದು ಉಡುಗೊರೆಯೂ ಸಿಕ್ಕಿತು. ಮೊರಾಕ್ಕೊದಿಂದ ಇರಾಕ್‌ವರೆಗಿನ ಜನ ಒಂದೇ ವಿವರಣೆ ಕೇಳತೊಡಗಿದರು. ಟ್ಯುನೀಷಿಯಾದ ಇಸಾಮ್ ಶವಾಲಿ, ಅದೇ ದೇಶದ ರವೂಫ್ ಖಲೀಫ್, ಅಲ್ಜೀರಿಯಾದ ಹಫೀಜ್ ದರ್ರಾಜಿ ಇಪ್ಪತ್ತೆರಡು ದೇಶಗಳ ಮನೆಮಾತಾದರು. ನನಗೆ ಅರಬ್ಬಿ ಬರುವುದಿಲ್ಲ. ಆದರೂ ಆಯ್ಕೆ ಇದ್ದಾಗ ನಾನು ಹುಡುಕುವುದು ಶವಾಲಿಯವರ ದನಿಯನ್ನೇ. ಗ್ರಾಂಥಿಕ ಅರಬ್ಬಿಯಲ್ಲಿ ಶುರುವಾದ ವಾಕ್ಯ ನಡುವೆ ಆಡುಮಾತಿಗೆ ಜಾರುತ್ತದೆ, ಗಾದೆಯೊಂದನ್ನು ಎತ್ತಿಕೊಳ್ಳುತ್ತದೆ, ಚೆಂಡು ಪೆನಾಲ್ಟಿ ಅಂಗಳ ಸೇರುವ ಹೊತ್ತಿಗೆ ಒಂದು ಯೂರೋಪಿಯನ್ ಪದವನ್ನೂ ಸೆಳೆದುಕೊಂಡು ಏರುತ್ತ ಏರುತ್ತ ಗೋಲಿನಲ್ಲಿ ಸ್ಫೋಟಿಸುತ್ತದೆ. ನಮ್ಮ ಒಳ್ಳೆಯ ಭಾಗವತರೊಬ್ಬರು ಯುದ್ಧದ ಪದ್ಯವನ್ನು ಏರುದನಿಗೆ ಒಯ್ದು ನಿಲ್ಲಿಸುವುದನ್ನು ಕೇಳಿದವರಿಗೆ ಈ ಸುಖ ಹೊಸದಲ್ಲ. ಯಜಮಾನ ಹೊರಗಟ್ಟಿದ ಆ ಮುದುಕ ಕಥೆಗಾರ ಫುಟ್‌ಬಾಲ್ ವಿವರಣೆಯ ರೂಪದಲ್ಲಿ ಮತ್ತೆ ಕಾಫಿ ಅಂಗಡಿಗೆ ಬಂದು ಕೂತ ಎಂದೇ ನಾನು ನಂಬಿದ್ದೇನೆ. ಅರಬ್ ಅಭಿಮಾನಿ ಪಂದ್ಯವನ್ನು ನೋಡುವಷ್ಟೇ ಕೇಳುತ್ತಾನೆ.

ಹಾಗಾದರೆ ಫೋನಿನ ಸ್ಟ್ರೀಮಿಂಗ್ ಆ್ಯಪ್‌ಗಳು ಬಂದು ಈ ಕೂಟವನ್ನು ಕೆಡಿಸಿದವೇ? ಅಷ್ಟು ಸುಲಭದ ಉತ್ತರ ಇದಕ್ಕಿಲ್ಲ. ಡಿಶ್ ಕಾಲವೂ ನೆಮ್ಮದಿಯ ಕಾಲವಾಗಿರಲಿಲ್ಲ. 2010ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಅಲ್ ಜಜೀರಾ ಪ್ರಸಾರವನ್ನು ಯಾರೋ ತರಂಗ ಬಿಟ್ಟು ಕದಡಿದರು. ಅದರ ಮೂಲ ಜೋರ್ಡಾನಿನಲ್ಲಿದೆ ಎಂದು ಬ್ರಿಟನ್ನಿನ ‘ಗಾರ್ಡಿಯನ್’ ಬರೆಯಿತು, ಜೋರ್ಡಾನ್ ಅಲ್ಲಗಳೆಯಿತು. 2017ರ ಜೂನ್‌ನಲ್ಲಿ ಸೌದಿ ಅರೇಬಿಯಾ, ಯುಎಇ, ಬಹರೈನ್, ಈಜಿಪ್ಟ್ ಸೇರಿ ಕತಾರ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಫುಟ್‌ಬಾಲ್ ಪರದೆ ರಾಜಕೀಯದ ರಣರಂಗವೇ ಆಯಿತು. ಆಗಸ್ಟ್‌ನಲ್ಲಿ ಸೌದಿಯಲ್ಲಿ ‘ಬಿಔಟ್‌ಕ್ಯೂ’ ಎಂಬ ವಾಹಿನಿ ತಲೆಯೆತ್ತಿ, ಬಿಇನ್ ಪ್ರಸಾರವನ್ನು ಇದ್ದ ಹಾಗೇ ಕದ್ದು ತನ್ನ ಲಾಂಛನ ಅಂಟಿಸಿ ಹಂಚತೊಡಗಿತು. ಅದನ್ನು ಕೋರ್ಟಿಗೆಳೆಯಲು ಹೊರಟ ಫುಟ್‌ಬಾಲ್ ಸಂಸ್ಥೆಗಳಿಗೆ ಸೌದಿಯಲ್ಲಿ ವಕಾಲತ್ತು ವಹಿಸುವ ವಕೀಲರೇ ಸಿಗಲಿಲ್ಲ. 2020ರ ಜೂನ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಸೌದಿ ನಡೆಯಲ್ಲಿ ತಪ್ಪು ಕಂಡಿತು. ಸಂಬಂಧ ಕಡಿದುಕೊಂಡಾಗ ಸೌದಿ ಬಿಇನ್ ಮೇಲೆ ಹೇರಿದ್ದ ನಿಷೇಧ ತೆರವಾಗಲು 2021ರ ಅಕ್ಟೋಬರ್ ಬರಬೇಕಾಯಿತು.

ಬಿಇನ್ ತನ್ನ ‘ಟಿಒಡಿ’ ಸ್ಟ್ರೀಮಿಂಗ್ ಆ್ಯಪ್ ತಂದದ್ದು 2022ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್ ಶುರುವಾದ ಹೊತ್ತಿಗೇ ಸೌದಿಯಲ್ಲಿ ಆ ಆ್ಯಪ್‌ಗೆ ತಡೆ ಬಿತ್ತು. ನವೆಂಬರ್ 22ರಂದು ಸೌದಿ ತಂಡ ಮೆಸ್ಸಿಯ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು. ಅರಬ್ ಫುಟ್‌ಬಾಲ್‌ನ ಅತಿ ದೊಡ್ಡ ಗೆಲುವುಗಳಲ್ಲಿ ಒಂದಾದ ಅದನ್ನು ನೋಡಲು, ಆ್ಯಪ್ ನಂಬಿ ದುಡ್ಡು ಕಟ್ಟಿದ್ದ ಸೌದಿ ಅಭಿಮಾನಿ ಬೇರೆ ದಾರಿ ಹುಡುಕಬೇಕಿತ್ತು. ಡಿಶ್ ಇದ್ದರೆ ತರಂಗ ಕದಡಬೇಕು, ಆ್ಯಪ್ ಇದ್ದರೆ ಒಂದು ಗುಂಡಿ ಒತ್ತಿದರೆ ಸಾಕು. ಸ್ಟ್ರೀಮಿಂಗ್ ಎಂದರೆ ಸ್ವಾತಂತ್ರ್ಯ ಎನ್ನುವವರು ಈ ನವೆಂಬರನ್ನು ನೆನಪಿಡಬೇಕು.

ಇನ್ನು ಹಂಚಿಹೋದ ಪಂದ್ಯಗಳ ಕಥೆ. ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್ಸ್ ಲೀಗ್ ಬಿಇನ್ ಬಳಿ. ಇಟಲಿಯ ಸೀರಿ ಎ 2022ರಲ್ಲಿ ಅಬುಧಾಬಿಯ ವಾಹಿನಿಗೂ ‘ಸ್ಟಾರ್ಜ್‌ಪ್ಲೇ’ ಆ್ಯಪ್‌ಗೂ ಹೋಯಿತು. ಕ್ರಿಸ್ಟಿಯಾನೊ ರೊನಾಲ್ಡೊ ಬಂದ ಮೇಲೆ ಎಲ್ಲರಿಗೂ ಬೇಕಾದ ಸೌದಿ ಲೀಗ್ ‘ಶಾಹಿದ್’ ಆ್ಯಪ್‌ನಲ್ಲಿ ಕಾಣುತ್ತಿದ್ದದ್ದು 2025ರಲ್ಲಿ ‘ಸಮಾನಿಯಾ’ ಪಾಲಾಯಿತು. ಸಮಾನಿಯಾ ಎಂದರೆ ಎಂಟು. ‘ಫಿಂಜಾನ್’ ಎಂಬ ಪಾಡ್‌ಕಾಸ್ಟ್‌ನಿಂದ ಹೆಸರಾದ ರಿಯಾದ್‌ನ ಸಂಸ್ಥೆ. ಮಾತಿನಿಂದ ಬೆಳೆದ ಸಂಸ್ಥೆಯೊಂದರ ಕೈಗೆ ಲೀಗ್ ಹೋದದ್ದು ನನಗೆ ಕುತೂಹಲ ಹುಟ್ಟಿಸಿದೆ. ಒಡೆತನದ ವಿಷಯದಲ್ಲಿ ಮಾತ್ರ ಹೊಸತೇನೂ ಇಲ್ಲ. ಬಿಇನ್ ಅಧ್ಯಕ್ಷ ನಾಸಿರ್ ಅಲ್ ಖುಲೈಫಿ ಅವರೇ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ಗೂ ಅಧ್ಯಕ್ಷರು. ಸೌದಿ ಸಾರ್ವಜನಿಕ ಹೂಡಿಕೆ ನಿಧಿ 2023ರಲ್ಲಿ ದೇಶದ ನಾಲ್ಕು ದೊಡ್ಡ ಕ್ಲಬ್‌ಗಳ ಬಹುಪಾಲು ಒಡೆತನ ಪಡೆಯಿತು, 2025ರಲ್ಲಿ ಅದರದೇ ಕ್ರೀಡಾ ಕಂಪನಿ ‘ಡಜೋನ್’ ಸ್ಟ್ರೀಮಿಂಗ್ ಸಂಸ್ಥೆಯಲ್ಲಿ ಪಾಲು ಕೊಂಡಿತು. ಆಡುವವರೂ ತೋರಿಸುವವರೂ ಒಂದೇ ಥೈಲಿಯಿಂದ ಸಂಬಳ ಪಡೆದರೆ ಸೋತ ದಿನ ನಿಜ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಅರಬ್ ಪ್ರೇಕ್ಷಕ ಕೇಳಿಕೊಳ್ಳಲೇಬೇಕು.

ಅದೇ ಡಜೋನ್ 2025ರ ಕ್ಲಬ್ ವಿಶ್ವಕಪ್‌ನ 63 ಪಂದ್ಯಗಳನ್ನೂ ಪುಕ್ಕಟೆ ತೋರಿಸಿದ್ದನ್ನೂ ಹೇಳಬೇಕು. ಒರ್ಲಾಂಡೊದಲ್ಲಿ ರಿಯಾದ್‌ನ ಅಲ್ ಹಿಲಾಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ಎದುರಾದಾಗ ರಿಯಾದ್‌ನಲ್ಲಿ ಜುಲೈ 1ರ ಬೆಳಗಿನ ಜಾವ ನಾಲ್ಕು ಗಂಟೆ, ಫಜ್ರ್ ನಮಾಜು ಮುಗಿದ ಹೊತ್ತು. ಹೆಚ್ಚುವರಿ ಸಮಯದಲ್ಲಿ ಮಾರ್ಕೋಸ್ ಲಿಯೊನಾರ್ಡೊ ಹೊಡೆದ ಗೋಲಿನಿಂದ ಹಿಲಾಲ್ 4–3ರಿಂದ ಗೆದ್ದಾಗ ಹೊರಗೆ ಸೂರ್ಯ ಮೇಲೆದ್ದಿದ್ದ. ಅಂಥ ಹೊತ್ತಿಗೆ ಅಂಗೈಯ ಪರದೆಯೇ ಗತಿ, ಅದು ವರವೇ.

ಆದರೆ ರಿಯಾದ್‌ನ ವರ ಕೈರೋದಲ್ಲಿ ವರವಾಗಿ ಉಳಿಯುವುದಿಲ್ಲ. ಈಜಿಪ್ಟಿನಲ್ಲಿ ಮನೆಯ ಇಂಟರ್‌ನೆಟ್ಟಿಗೂ ತಿಂಗಳ ಮಿತಿಯಿದೆ, ಸಾಮಾನ್ಯ ಪ್ಯಾಕ್‌ನಲ್ಲಿ 140 ಜಿಬಿ. ಒಳ್ಳೆಯ ಚಿತ್ರದಲ್ಲಿ ಒಂದು ಪಂದ್ಯ ನೋಡಿದರೆ ಸುಮಾರು 4 ಜಿಬಿ ಖರ್ಚು. ಮಕ್ಕಳ ಪಾಠ, ಕೊಲ್ಲಿಯಲ್ಲಿ ದುಡಿಯುವ ಮಗನ ವಿಡಿಯೊ ಕರೆ, ಎಲ್ಲವೂ ಅದೇ ಲೆಕ್ಕದಲ್ಲಿ. 2024ರ ಮಾರ್ಚ್‌ನಲ್ಲಿ ಡಾಲರಿಗೆ ಸುಮಾರು 31 ಇದ್ದ ಈಜಿಪ್ಟ್ ಪೌಂಡ್ ಒಮ್ಮೆಗೇ 50ರ ಹತ್ತಿರಕ್ಕೆ ಕುಸಿಯಿತು. ಪ್ರಸಾರದ ಹಕ್ಕುಗಳ ವ್ಯವಹಾರ ಡಾಲರಿನಲ್ಲಿ, ಪ್ರೇಕ್ಷಕನ ಸಂಬಳ ಪೌಂಡಿನಲ್ಲಿ. ನಾಲ್ಕು ಆ್ಯಪ್‌ಗಳ ಚಂದಾ ಯಾರು ಕಟ್ಟುತ್ತಾರೆ?

ಆಗ ಹುಟ್ಟುವುದೇ ಕಳ್ಳ ಕೊಂಡಿಗಳ ಲೋಕ. ಪಂದ್ಯಕ್ಕೆ ಹತ್ತು ನಿಮಿಷ ಇರುವಾಗ ಟೆಲಿಗ್ರಾಂ ಗುಂಪುಗಳಲ್ಲಿ ಕೊಂಡಿ ಹರಿದಾಡುತ್ತದೆ, ಒಂದು ಸತ್ತರೆ ಇನ್ನೊಂದು. ಜಗತ್ತಿನ ಅತಿ ದೊಡ್ಡ ಅಕ್ರಮ ಕ್ರೀಡಾ ಸ್ಟ್ರೀಮಿಂಗ್ ಜಾಲ ಎನಿಸಿದ್ದ ‘ಸ್ಟ್ರೀಮ್‌ಈಸ್ಟ್’ ಮೇಲೆ 2025ರ ಆಗಸ್ಟ್‌ನಲ್ಲಿ ದಾಳಿಯಾದಾಗ ಇಬ್ಬರು ಸಿಕ್ಕಿಬಿದ್ದದ್ದು ಈಜಿಪ್ಟಿನಲ್ಲೇ, ಕೈರೋ ಪಕ್ಕದ ಶೇಖ್ ಜಾಯೆದ್ ಪಟ್ಟಣದಲ್ಲಿ. ಎಂಬತ್ತು ವಿಳಾಸಗಳ ಆ ಜಾಲಕ್ಕೆ ವರ್ಷದಲ್ಲಿ 160 ಕೋಟಿ ಭೇಟಿಗಳಾಗಿದ್ದವು. ಕಳವು ಕಳವೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಲೋಟ ಚಹಾದ ಬೆಲೆಗೆ ಪಂದ್ಯ ಸಿಗುತ್ತಿದ್ದ ಜಾಗವನ್ನು ಕಿತ್ತು, ಅದರ ಬದಲು ದುಬಾರಿ ಬಾಗಿಲುಗಳನ್ನು ಸಾಲಾಗಿ ಇಟ್ಟವರೂ ಇದರಲ್ಲಿ ಪಾಲುದಾರರು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕೆಲವು ಸೆಕೆಂಡುಗಳ ವಿಷಯ. ಉಪಗ್ರಹ ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಚಿತ್ರ ಅಲ್ಲಿಗೆ ಹೋಗಿ ಇಳಿಯಲು ಕಾಲು ಸೆಕೆಂಡು ಸಾಕು. ಮಿಕ್ಕ ಸಂಸ್ಕರಣೆಯೆಲ್ಲ ಸೇರಿದರೂ ಡಿಶ್‌ನಲ್ಲಿ ತಡವಾಗುವುದು ಕೆಲವೇ ಸೆಕೆಂಡು. ಸ್ಟ್ರೀಮಿಂಗ್‌ನಲ್ಲಿ ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಳಿಸುತ್ತಾರೆ, ಫೋನು ಅಂಥ ಕೆಲವು ತುಂಡುಗಳನ್ನು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಹೀಗೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ಸೆಕೆಂಡು ಹಿಂದೆ ಬೀಳುತ್ತದೆ. ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಇದರ ಅರ್ಥವೇನು? ನಿಮ್ಮ ಪರದೆಯಲ್ಲಿ ಚೆಂಡು ಇನ್ನೂ ಮಧ್ಯರೇಖೆಯ ಬಳಿ ಇರುವಾಗ ಕೆಳಗಿನ ಅಹ್ವಾದಿಂದ ಕೂಗು ಏಳುತ್ತದೆ. ಗೋಲು ಆಗಿಹೋಗಿದೆ, ನಿಮಗಿನ್ನೂ ಆಗಿಲ್ಲ. ಶವಾಲಿಯವರ ದನಿ ಏರುವ ಮೊದಲೇ ಅದು ಎಲ್ಲಿಗೆ ಏರುತ್ತದೆಂದು ನಿಮಗೆ ಗೊತ್ತು. ಕಥೆಗಾರನ ಬಳಿ ಇದ್ದ ಒಂದೇ ಆಸ್ತಿ ಮುಂದೇನು ಎಂಬ ಕಾತರ. ಅದನ್ನು ಪಕ್ಕದ ಮನೆಯವರು ಕಸಿದುಕೊಂಡಿರುತ್ತಾರೆ. ಕ್ಷಣವನ್ನು ಒಟ್ಟಿಗೆ ಅನುಭವಿಸುವುದೇ ಪಂದ್ಯ ನೋಡುವುದರ ತಿರುಳು ಎಂದು ನಂಬಿದ ನನಗೆ ಇದು ಸಣ್ಣ ನಷ್ಟವಲ್ಲ. ಕಂಪನಿಗಳು ಚಿತ್ರದ ಸೊಬಗಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಈ ತಡ ಕಡಿಮೆ ಮಾಡಲು ಸುರಿಯಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನಾನು ಹೊಗಳುತ್ತ ಬಂದ ಓಣಿಯ ಅಹ್ವಾ ಬಹುಮಟ್ಟಿಗೆ ಗಂಡಸರ ಜಾಗ. ಆ ಕುರ್ಚಿಗಳಲ್ಲಿ ಹೆಂಗಸರು ಕೂತದ್ದು ಕಡಿಮೆ. ಸೌದಿಯಲ್ಲಿ ಲೀಗ್ ಪಂದ್ಯಕ್ಕೆ ಮಹಿಳೆಯರಿಗೆ ಕ್ರೀಡಾಂಗಣದ ಬಾಗಿಲು ತೆರೆದದ್ದೇ 2018ರ ಜನವರಿ 12ರಂದು, ಜಿದ್ದಾದಲ್ಲಿ. ಇಂದು ಕಿವಿಗೆ ಇಯರ್‌ಫೋನ್ ಹಾಕಿ ತನ್ನ ಕೋಣೆಯಲ್ಲಿ ಇಡೀ ಲೀಗ್ ನೋಡುವ ಹುಡುಗಿಗೆ ಹಳೆಯ ಅಹ್ವಾ ಏನನ್ನೂ ಕೊಟ್ಟಿರಲಿಲ್ಲ. ಅವಳ ಮಟ್ಟಿಗೆ ಫುಟ್‌ಬಾಲ್ ಶುರುವಾದದ್ದೇ ಸ್ಟ್ರೀಮಿಂಗ್‌ನಿಂದ. ಪ್ಯಾರಿಸ್, ಬ್ರಸೆಲ್ಸ್‌ಗಳ ಕೂಲಿ ಬದುಕಿನ ನಡುವೆ ತನ್ನ ಊರಿನ ಕ್ಲಬ್ಬಿನ ಪಂದ್ಯ ನೋಡುವ ಮೊರಾಕ್ಕೊದವನಿಗೂ ಅಷ್ಟೇ. ಹಳೆಯದರ ಸೊಗಸಿಗಾಗಿ ಇವರಿಬ್ಬರನ್ನು ಹೊರಗಿಡಲು ನಾನು ತಯಾರಿಲ್ಲ.

ಅರಬ್ ಫುಟ್‌ಬಾಲ್ ನಮಗೆ ದೂರದ್ದೂ ಅಲ್ಲ. 2016ರ ನವೆಂಬರ್ 5ರಂದು ದೋಹಾದಲ್ಲಿ ನಡೆದ, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಎದುರಿಸಿದ್ದು ಇರಾಕಿನ ವಾಯುಪಡೆ ತಂಡ ಅಲ್ ಕುವ್ವಾ ಅಲ್ ಜವಿಯಾವನ್ನು. ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿಗೆ ಸೋತೆವು. ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ಅಂದು ಬಗ್ದಾದಿನ ಕಾಫಿ ಅಂಗಡಿಗಳಲ್ಲಿ ಸುನಿಲ್ ಛೆಟ್ರಿಯ ಹೆಸರನ್ನು ಅರಬ್ಬಿ ದನಿಯೊಂದು ಹೇಗೆ ಉಚ್ಚರಿಸಿತೋ ಎಂದು ನಾನು ಈಗಲೂ ಊಹಿಸುತ್ತೇನೆ.

ದುಬೈ, ದೋಹಾ, ದಮ್ಮಾಮ್‌ಗಳಲ್ಲಿ ದುಡಿಯುತ್ತಿರುವ ಮಂಗಳೂರು, ಉಡುಪಿ, ಭಟ್ಕಳದ ಓದುಗರಲ್ಲಿ ಒಂದು ವಿನಂತಿ. ಮುಂದಿನ ದೊಡ್ಡ ಪಂದ್ಯದ ರಾತ್ರಿ ಕೋಣೆಯಲ್ಲಿ ಫೋನು ಹಿಡಿದು ಕೂರಬೇಡಿ. ಹತ್ತಿರದ ಈಜಿಪ್ಟಿನವರ, ಟ್ಯುನೀಷಿಯಾದವರ ಕಾಫಿ ಅಂಗಡಿಯೊಂದನ್ನು ಹುಡುಕಿ, ಒಂದು ಲೋಟ ಚಹಾ ಹೇಳಿ, ಅರಬ್ಬಿ ವಿವರಣೆಯಲ್ಲೇ ಪಂದ್ಯ ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಭಾಷೆ ಬರದಿದ್ದರೂ ಗೋಲು ಬರುತ್ತಿರುವುದು ನಿಮಗೆ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಗೊತ್ತಾದ ಅದೇ ಕ್ಷಣದಲ್ಲಿ.