ತಾಗದ ಏಟಿನ ಲೆಕ್ಕ

ಬಾಕ್ಸಿಂಗ್ ನೋಡದವರ ಮೊಬೈಲಿಗೂ ಮೈಕ್ ಟೈಸನ್‌ನ ನಾಕೌಟ್‌ಗಳ ತುಣುಕು ಎಂದಾದರೂ ಬಂದು ಬಿದ್ದಿರುತ್ತದೆ. ಏಟು ತಪ್ಪಿಸಿಕೊಂಡವನ ವಿಡಿಯೊ ಅಷ್ಟು ದೂರ ಬರುವುದಿಲ್ಲ. ಬಿದ್ದ ಏಟು ಕಣ್ಣಿಗೆ ಕಾಣುವ ಘಟನೆ. ಬೀಳದ ಏಟನ್ನು ನೋಡಲು ಕಣ್ಣಿಗೆ ಅಭ್ಯಾಸ ಬೇಕು. ಆದರೆ ವೃತ್ತಿಪರ ಬಾಕ್ಸಿಂಗಿನಲ್ಲಿ ವಿದ್ಯೆ ಎಂದು ಕರೆಯಬಹುದಾದದ್ದರ ಬಹುಪಾಲು ಈ ಎರಡನೆಯದರಲ್ಲಿದೆ ಎಂಬುದು ನನ್ನ ಅನಿಸಿಕೆ. ಆ ಮಾತಿಗೆ ಸಾಕ್ಷಿಯಾಗಿ ಒಂದು ಪಂದ್ಯವನ್ನು ನಿಮ್ಮ ಮುಂದಿಡುತ್ತೇನೆ.

1993ರ ಸೆಪ್ಟೆಂಬರ್ 10. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಅಲಮೊಡೋಮ್ ಕ್ರೀಡಾಂಗಣ. ಸುಮಾರು 60,000 ಪ್ರೇಕ್ಷಕರು, ಅವರಲ್ಲಿ ಹೆಚ್ಚಿನವರು ಮೆಕ್ಸಿಕೊದ ಹೂಲಿಯೊ ಸೆಸಾರ್ ಚಾವೆಸ್‌ನ ಅಭಿಮಾನಿಗಳು. ಅಲ್ಲಿಯವರೆಗೆ ಚಾವೆಸ್ ಆಡಿದ ಪಂದ್ಯಗಳು 87, ಗೆದ್ದದ್ದೂ 87. ಎದುರಿಗೆ ವೆಲ್ಟರ್‌ವೇಟ್ ಚಾಂಪಿಯನ್ ಪರ್ನೆಲ್ ವಿಟಕರ್. ವರ್ಜೀನಿಯಾದ ನಾರ್ಫೋಕ್ ಊರಿನವನು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು, ಎಡಚ.

ಚಾವೆಸ್‌ನ ಆಟದಲ್ಲಿ ಆತುರವಿಲ್ಲ. ಎದುರಾಳಿ ಯಾವ ಕಡೆ ಸರಿಯಬಹುದೋ ಅಲ್ಲಿಗೆ ಒಂದು ಹೆಜ್ಜೆ ಮೊದಲೇ ಹೋಗಿ ನಿಲ್ಲುತ್ತಾನೆ. ಮನೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಂತೆ ಜಾಗ ಕಡಿಮೆ ಮಾಡುತ್ತಾನೆ. ಬೆನ್ನು ಹಗ್ಗಕ್ಕೆ ತಾಗಿದ ಮೇಲೆ ಎಡಗೈ ಪಕ್ಕೆಲುಬಿನ ಕೆಳಗೆ, ಯಕೃತ್ತಿನ ಜಾಗಕ್ಕೆ ಬೀಳುತ್ತದೆ. ಅಂಥ ಏಟು ನಾಲ್ಕು ಬಿದ್ದರೆ ಕಾಲು ಸೋಲುತ್ತದೆ. ಕಾಲು ಸೋತ ಮೇಲೆ ಉಳಿದದ್ದು ಔಪಚಾರಿಕ.

ವಿಟಕರ್ ಇದಕ್ಕೆ ಕೊಟ್ಟ ಉತ್ತರ ಓಡಾಟವಲ್ಲ. ಮೊದಲ ಕೆಲವು ಸುತ್ತುಗಳಲ್ಲಿ ಬಲಗೈಯ ಜ್ಯಾಬ್‌ನಿಂದ ಚಾವೆಸ್‌ನ ಹೆಜ್ಜೆಯ ತಾಳ ಕೆಡಿಸಿದ. ಆಮೇಲೆ, ಎಲ್ಲರೂ ಅಪಾಯದ ಜಾಗ ಎನ್ನುವ ಕಡೆಗೇ, ಅಂದರೆ ಎದುರಾಳಿಯ ಎದೆಯ ಹತ್ತಿರಕ್ಕೇ ಹೋದ. ಅಲ್ಲಿ ಅವನ ಮೈ ಮಾಡುವ ಕೆಲಸ ನೋಡಬೇಕು. ಬೆನ್ನು ಬಗ್ಗುವ ಮೊದಲು ಮಂಡಿ ಬಗ್ಗುತ್ತದೆ, ತಲೆ ಚಾವೆಸ್‌ನ ಸೊಂಟದ ಮಟ್ಟಕ್ಕೆ ಇಳಿಯುತ್ತದೆ, ಗುದ್ದು ಮೇಲಿನಿಂದ ಹಾದುಹೋಗುತ್ತದೆ. ಮುಂದಿನ ಪಾದದ ಮೇಲೆ ತಿರುಗಿ ಮೇಲೇಳುವಷ್ಟರಲ್ಲಿ ಅವನು ಚಾವೆಸ್‌ನ ಪಕ್ಕದಲ್ಲಿರುತ್ತಾನೆ. ಏಟಿಗೆ ಹೆದರಿ ಎರಡು ಅಡಿ ಹಿಂದೆ ಜಿಗಿದರೆ ಪಾರಾಗಬಹುದು, ಆದರೆ ತಿರುಗಿ ಹೊಡೆಯಲಾಗದು. ಮೂರೇ ಇಂಚು ಸರಿದರೆ ಪಾರೂ ಆಗುತ್ತೀರಿ, ಹೊಡೆಯುವ ದೂರದಲ್ಲೂ ಉಳಿಯುತ್ತೀರಿ. ವಿಟಕರ್‌ನ ಪ್ರತಿಭೆ ಆ ಮೂರು ಇಂಚಿನ ಅಂದಾಜಿನಲ್ಲಿತ್ತು.

ಹನ್ನೆರಡು ಸುತ್ತು ಮುಗಿದವು. ಮೂವರು ತೀರ್ಪುಗಾರರಲ್ಲಿ ಒಬ್ಬರು ವಿಟಕರ್‌ಗೆ 115-113 ಕೊಟ್ಟರು. ಉಳಿದಿಬ್ಬರು 115-115. ಪಂದ್ಯ ಡ್ರಾ. ವಿಟಕರ್‌ನನ್ನು ದೋಚಲಾಯಿತು ಎಂದು ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಮುಖಪುಟದಲ್ಲೇ ಸಾರಿತು.

ಆ ತೀರ್ಪಿನ ಹಿಂದೆ ಏನಿತ್ತು ಎಂದು ಊಹಿಸುವುದಕ್ಕಿಂತ ಅದು ಹೇಗೆ ಸಾಧ್ಯವಾಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ. ಸುತ್ತು ಯಾರದೆಂದು ನಿರ್ಧರಿಸಲು ರೂಢಿಯಲ್ಲಿರುವ ಮಾನದಂಡಗಳು ನಾಲ್ಕು: ಸ್ವಚ್ಛವಾಗಿ ತಾಗಿದ ಏಟು, ಪರಿಣಾಮಕಾರಿ ದಾಳಿ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ಕಾಗದದ ಮೇಲೆ ರಕ್ಷಣೆಗೆ ಸ್ಥಾನವಿದೆ. ಆದರೆ ನಮ್ಮ ಕಣ್ಣು ಮುಂದೆ ನಡೆಯುವವನ ಬೆನ್ನು ಹತ್ತುತ್ತದೆ. ಮುಂದೆ ಬರುತ್ತಿರುವವನು ಗೆಲ್ಲುತ್ತಿದ್ದಾನೆ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಏಟು ಗಾಳಿಗೆ ಹೋದಾಗಲೂ ಅರವತ್ತು ಸಾವಿರ ಗಂಟಲು ಕೂಗಿದರೆ ಆ ಏಟಿಗೆ ಇಲ್ಲದ ತೂಕ ಬರುತ್ತದೆ. ‘ದಾಳಿ’ ಎಂಬ ಪದದ ಹಿಂದಿರುವ ‘ಪರಿಣಾಮಕಾರಿ’ ಎಂಬ ಪದ ಮರೆತುಹೋಗುತ್ತದೆ.

ಅಂಕಿಅಂಶಗಳೂ ಇಲ್ಲಿ ಅರ್ಧ ಮಾತ್ರ ಸಹಾಯ ಮಾಡುತ್ತವೆ. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕ್ವಿಯಾವೊ ಸೆಣಸಿದಾಗ ಕಂಪ್ಯುಬಾಕ್ಸ್ ಲೆಕ್ಕದ ಪ್ರಕಾರ ಪಕ್ವಿಯಾವೊ ಹೊಡೆದ 429 ಗುದ್ದುಗಳಲ್ಲಿ ತಾಗಿದ್ದು 81. ನೂರಕ್ಕೆ ಹತ್ತೊಂಬತ್ತು. ಉಳಿದ 348 ಎಲ್ಲಿ ಹೋದವು? ಕೆಲವು ಗ್ಲೌಸ್‌ಗೆ, ಕೆಲವು ಮೇವೆದರ್‌ನ ಮೇಲೆತ್ತಿದ ಎಡಭುಜಕ್ಕೆ, ಮಿಕ್ಕವು ಅವನು ಒಂದು ಕ್ಷಣದ ಮುಂಚೆ ಇದ್ದ ಜಾಗಕ್ಕೆ. ಪಟ್ಟಿಯಲ್ಲಿ ಅವೆಲ್ಲ ಪಕ್ವಿಯಾವೊನ ವೈಫಲ್ಯವಾಗಿ ದಾಖಲಾಗಿವೆ. ಮೇವೆದರ್‌ನ ಹೆಸರಿನ ಮುಂದೆ ಅವಕ್ಕೆ ಕಲಮೇ ಇಲ್ಲ. ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸಿ ಹೊಟ್ಟೆ ಹೊರೆಯುವ ನನಗೆ ಈ ಪಟ್ಟಿ ಅಪರಿಚಿತವೇನಲ್ಲ. ರಾತ್ರಿ ಎರಡಕ್ಕೆ ಕುಸಿದ ಸರ್ವರನ್ನು ಎಬ್ಬಿಸಿದವನಿಗೆ ಚಪ್ಪಾಳೆ ಬೀಳುತ್ತದೆ. ಅದು ಕುಸಿಯದಂತೆ ನೋಡಿಕೊಂಡವನ ಕೆಲಸ ಯಾವ ವರದಿಯಲ್ಲೂ ಕಾಣುವುದಿಲ್ಲ.

ಕನ್ನಡದ ಓದುಗರಿಗೆ ಈ ಬಗೆಯ ಕೌಶಲ ಹೊಸದಾಗಬೇಕಿಲ್ಲ. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಎದುರಿಸಿದ ಎಸೆತಗಳು 31,258. ಅಷ್ಟು ಎಸೆತ ಬೇರೆ ಯಾರೂ ಎದುರಿಸಿಲ್ಲ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ಅವನು ಬ್ಯಾಟ್ ಎತ್ತಿ ಬಿಟ್ಟುಬಿಡುತ್ತಿದ್ದುದನ್ನು ನೋಡಿ ಸಮಾಧಾನ ಪಟ್ಟ ತಲೆಮಾರು ನಮ್ಮದು. ಸ್ಟಂಪು ಎಲ್ಲಿದೆ ಎಂದು ಹಿಂದಿರುಗಿ ನೋಡದೆಯೇ ಗೊತ್ತಿರುವವನು ಮಾತ್ರ ಹಾಗೆ ಬಿಡಬಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಬಾಕ್ಸಿಂಗಿನಲ್ಲಿ ಸ್ಟಂಪು ನಿಮ್ಮ ದವಡೆಯೇ.

ರಕ್ಷಣೆಯ ಆಟ ಬೇಸರ ತರಿಸುತ್ತದೆ ಎಂಬ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಹೆಜ್ಜೆಗೊಮ್ಮೆ ಎದುರಾಳಿಯನ್ನು ತಬ್ಬಿಕೊಂಡು ಗಡಿಯಾರ ನೋಡುವುದನ್ನು ನಾನು ವಿದ್ಯೆ ಎನ್ನಲಾರೆ. ಮೇವೆದರ್‌ನ ಬಗ್ಗೆಯೂ ನನ್ನದೊಂದು ತಕರಾರಿದೆ. ಅವನ ಕೌಶಲ ಅಪಾರ, 50 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆದರೆ ಕೊನೆಯ ವರ್ಷಗಳಲ್ಲಿ ಅದು ನಷ್ಟವಾಗದಂತೆ ನೋಡಿಕೊಳ್ಳುವ ಲೆಕ್ಕಾಚಾರವಾಯಿತು. ವಿಟಕರ್‌ನದು ಆಟ. ತಪ್ಪಿಸಿಕೊಂಡ ಕೂಡಲೇ ಅವನು ಹೊಡೆಯುತ್ತಾನೆ; ಅಪಾಯದ ಪಕ್ಕದಲ್ಲೇ ನಿಂತು ಅದರೊಡನೆ ಚೇಷ್ಟೆ ಮಾಡುತ್ತಾನೆ. ಇಂಥದ್ದನ್ನೇ ನೋಡಲು ಜನ ಬಂದ ಉದಾಹರಣೆಯೂ ಇದೆ. ಅರ್ಜೆಂಟೀನಾದ ನಿಕೊಲಿನೊ ಲೊಚೆಯನ್ನು ಅವನ ಜನ ‘ಮುಟ್ಟಲಾಗದವನು’ ಎಂದು ಕರೆದರು, ಬ್ಯೂನಸ್ ಐರಿಸ್‌ನ ಲೂನಾ ಪಾರ್ಕ್ ಅವನಿಗಾಗಿ ತುಂಬುತ್ತಿತ್ತು. ನಾಕೌಟ್ ಮಾಡುವವನೆಂದು ಅವನಿಗೆ ಹೆಸರಿರಲಿಲ್ಲ. 1968ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್ ಪಾಲ್ ಫ್ಯೂಜಿ ಅವನನ್ನು ಹೊಡೆಯಲು ಹೋಗಿ ಹೋಗಿ ದಣಿದು, ಹತ್ತನೆಯ ಸುತ್ತಿಗೆ ಮೂಲೆಯ ಸ್ಟೂಲಿನಿಂದ ಏಳಲೇ ಇಲ್ಲ. ರುಚಿ ಕಲಿತರೆ ಬರುತ್ತದೆ ಎಂಬುದಕ್ಕೆ ಲೂನಾ ಪಾರ್ಕಿನ ಪ್ರೇಕ್ಷಕರೇ ಸಾಕ್ಷಿ.

ಇದನ್ನು ಬರೀ ರುಚಿಯ ಪ್ರಶ್ನೆ ಎಂದು ಬಿಡುವ ಹಾಗೂ ಇಲ್ಲ. ತಲೆಗೆ ಬಿದ್ದ ಏಟುಗಳು ಬಾಕ್ಸರ್‌ಗಳ ಮೆದುಳನ್ನು ಕಾಲಕ್ರಮೇಣ ಕೆಡಿಸುತ್ತವೆ ಎಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದರು. 1995ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ನೈಜೆಲ್ ಬೆನ್ ಮತ್ತು ಜೆರಾಲ್ಡ್ ಮೆಕ್ಲೆಲನ್ ಹತ್ತು ಸುತ್ತು ಬಡಿದಾಡಿದರು. ಮೊದಲ ಸುತ್ತಿನಲ್ಲಿ ಬೆನ್ ಹಗ್ಗದಾಚೆ ಬಿದ್ದ. ಹತ್ತನೆಯದರಲ್ಲಿ ಮೆಕ್ಲೆಲನ್ ಮಂಡಿಯೂರಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದೃಷ್ಟಿ ಹೋಯಿತು. ರೋಮಾಂಚಕ ಪಂದ್ಯಗಳ ಪಟ್ಟಿ ಮಾಡುವವರು ಇಂದಿಗೂ ಅದನ್ನು ಸೇರಿಸುತ್ತಾರೆ. ಏಟು ತಿಂದವನನ್ನು ‘ಗಂಡೆದೆಯವನು’ ಎಂದೂ ಏಟು ತಪ್ಪಿಸಿಕೊಂಡವನನ್ನು ‘ಅಂಜುಬುರುಕ’ ಎಂದೂ ಕರೆಯುವಾಗ ನಾವು ಆಟಗಾರನಿಂದ ಏನು ಕೇಳುತ್ತಿದ್ದೇವೆ ಎಂದು ಯೋಚಿಸಬೇಕು. ನಮ್ಮ ಮೆಚ್ಚುಗೆ ಎತ್ತ ಹರಿಯುತ್ತದೋ ಟಿಕೆಟ್ ದುಡ್ಡು ಅತ್ತ ಹರಿಯುತ್ತದೆ. ಹುಡುಗರು ಕಲಿಯುವುದೂ ಅದನ್ನೇ.

ರಕ್ಷಣೆಯ ವಿದ್ಯೆ ಯಾರನ್ನೂ ಕೊನೆಯವರೆಗೆ ಕಾಯುವುದಿಲ್ಲ, ನಿಜ. ಕಾಲು ನಿಧಾನವಾಗುತ್ತದೆ. 1999ರಲ್ಲಿ ಫೆಲಿಕ್ಸ್ ಟ್ರಿನಿಡಾಡ್ ಎದುರು ವಿಟಕರ್‌ನ ದವಡೆಯೂ ಮುರಿಯಿತು. ಹನ್ನೆರಡು ಸುತ್ತು ಮುಗಿಸಿಯೇ ಅವನು ಸೋತ. ಆ ಮೂರು ಇಂಚು ಅಷ್ಟು ಹೊತ್ತಿಗೆ ಎರಡಾಗಿತ್ತು.

ಸ್ಯಾನ್ ಆಂಟೋನಿಯೊದ ಪಂದ್ಯ ಸಿಕ್ಕರೆ ಯಾವುದಾದರೂ ಭಾನುವಾರ ನೋಡಿ. ಧ್ವನಿ ಪೂರ್ತಿ ತಗ್ಗಿಸಿ, ಏಳನೆಯ ಸುತ್ತಿನಿಂದ ಶುರುಮಾಡಿ. ಚಾವೆಸ್ ಮುಂದೆ ಬಂದಾಗಲೆಲ್ಲ ಅವನ ಮುಖ ಬಿಟ್ಟು, ಗ್ಲೌಸ್ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನಷ್ಟೇ ಗಮನಿಸಿ. ಸುತ್ತಿನ ಕೊನೆಯಲ್ಲಿ ಅಂಕ ನೀವೇ ಹಾಕಿ, ಆಮೇಲೆ ಆ ಇಬ್ಬರು ತೀರ್ಪುಗಾರರ 115-115 ಅನ್ನು ಪಕ್ಕದಲ್ಲಿಟ್ಟು ನೋಡಿ.