ನೀರಿಗಿಳಿಯುವ ಮುನ್ನಿನ ಪ್ರಶ್ನೆ

ಯಾದಗಿರಿಯಲ್ಲಿ ಮಿಷನ್ ಎಂದೊಡನೆ ಜನರಿಗೆ ನೆನಪಾಗುವುದು ಹೋಲ್ಸ್ಟನ್ ಆಸ್ಪತ್ರೆ. ಅದು ಮೆಥೊಡಿಸ್ಟರದು. ಅವರಲ್ಲಿ ಹಸುಗೂಸಿಗೂ ದೀಕ್ಷಾಸ್ನಾನ ಉಂಟು, ಸಭೆಗಳ ಮೇಲೆ ಬಿಷಪ್ ಉಂಟು. ಇಲ್ಲಿಂದ ಮೂಡಣಕ್ಕೆ, ಆಗ ಇದೇ ನಿಜಾಮನ ರಾಜ್ಯಕ್ಕೆ ಸೇರಿದ್ದ ಪಾಲಮೂರಿನಲ್ಲಿ, 1885ರಲ್ಲಿ ನೆಲೆಯೂರಿದ ಅಮೆರಿಕನ್ ಬ್ಯಾಪ್ಟಿಸ್ಟರು ಇವೆರಡನ್ನೂ ಒಪ್ಪಿದವರಲ್ಲ. ನಂಬಿದವರು ತಾವೇ ಬಾಯಿಬಿಟ್ಟು ಹೇಳಬೇಕು, ಆಮೇಲೆ ನೀರಲ್ಲಿ ಪೂರ್ತಿ ಮುಳುಗಬೇಕು. ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು.

ಈ ತಕರಾರು ನಮಗೆ ಪರಕೀಯವಲ್ಲ. ದೀಕ್ಷಾಸ್ನಾನ ಎಂಬ ಮಾತಿನೊಳಗೇ ದೀಕ್ಷೆ ಇದೆ. ಶಹಾಪುರ, ಸುರಪುರದ ಲಿಂಗವಂತರು ಕೂಸಿಗೆ ಲಿಂಗ ಕಟ್ಟುತ್ತಾರೆ; ಅರಿವು ಬಂದ ಮೇಲಿನ ದೀಕ್ಷೆ ಬೇರೆಯೇ. ಹುಟ್ಟು ಸಾಕೋ, ಅರಿವು ಬೇಕೋ ಎಂಬ ಪ್ರಶ್ನೆ ಇಲ್ಲೂ ಇದೆ. ಅರಿವೇ ಬೇಕು ಎಂಬ ಬ್ಯಾಪ್ಟಿಸ್ಟರ ಉತ್ತರ ಬಿಗಿಯಾದದ್ದು; ನನಗೆ ಅದೇ ಸರಿ ಎನಿಸುತ್ತದೆ.

ಆದರೆ ತತ್ವವನ್ನು ಆಚರಣೆಯಲ್ಲೇ ಒರೆಗೆ ಹಚ್ಚಬೇಕು. 1845ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಗುಲಾಮಗಿರಿಯ ಜಗಳದಲ್ಲಿ ಇಬ್ಭಾಗವಾದರು. ಗುಲಾಮರ ಒಡೆಯರನ್ನು ಮಿಷನರಿಯಾಗಿ ಕಳಿಸಲೊಪ್ಪದ ಉತ್ತರದವರ ಪಾಲಿಗೆ ತೆಲುಗು ನಾಡಿನ ಕೆಲಸ ಉಳಿಯಿತು. ಆ ಸಂಘದ ಜಾನ್ ಕ್ಲಫ್ ಒಂಗೋಲಿನಲ್ಲಿದ್ದಾಗ, ಮಾದಿಗರನ್ನು ಸೇರಿಸಿಕೊಂಡರೆ ನಮ್ಮ ಮಕ್ಕಳನ್ನು ಶಾಲೆ ಬಿಡಿಸುತ್ತೇವೆಂದು ಮೇಲ್ಜಾತಿಯವರು ಪಟ್ಟುಹಿಡಿದರು. ಕ್ಲಫ್ ಮಾದಿಗರ ಕೈ ಬಿಡಲಿಲ್ಲ. 1876ರ ಬರ ಬಂದಾಗ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಕೂಳಿಗಾಗಿ ಯಾರೂ ಮತಕ್ಕೆ ಬರಬಾರದೆಂದು, ಬರ ಮುಗಿಯುವ ತನಕ ದೀಕ್ಷಾಸ್ನಾನವನ್ನೇ ನಿಲ್ಲಿಸಿದರು. ಈ ಇಡೀ ಚರಿತ್ರೆಯಲ್ಲಿ ನಾನು ಹೆಚ್ಚು ಗೌರವಿಸುವ ನಡೆ ಇದು.

1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಮಂದಿ ಮುಳುಗೆದ್ದರು. ಒಬ್ಬೊಬ್ಬರ ಅರಿವನ್ನು ಕೇಳುವ ಮತಕ್ಕೆ ಈ ಸಂಖ್ಯೆ ಒಪ್ಪುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯದ್ದೇ. ಆದರೆ ಊರ ಹೊರಗಿನ ಕೇರಿಯವರಿಗೆ ಒಬ್ಬಂಟಿಯಾಗಿ ಹೂಂ ಎನ್ನುವ ಬಲ ಎಲ್ಲಿತ್ತು? ಕೇರಿಯೆಲ್ಲ ಜೊತೆಗೆ ನಿಂತದ್ದರಿಂದಲೇ ಒಬ್ಬೊಬ್ಬರಿಗೂ ಬಾಯಿ ಬಂತು. ಇದನ್ನು ನಾನು ಕುಂದೆನ್ನಲಾರೆ.

ಕುಂದು ಇರುವುದು ಆಳ್ವಿಕೆಯಲ್ಲಿ. ಸಭೆ ಸ್ವತಂತ್ರ ಎಂದರು, ಹಣದ ಚೀಲ ಮಾತ್ರ ಕಡಲಾಚೆ ಉಳಿಯಿತು. ಈ ಗಂಟು ಹಳೆಯದು. 1817ರಲ್ಲೇ ಕನ್ನಡ ವ್ಯಾಕರಣ ಅಚ್ಚುಹಾಕಿಸಿದ, ಕನ್ನಡಿಗರು ಮರೆಯಬಾರದ ಬ್ಯಾಪ್ಟಿಸ್ಟ್ ವಿಲಿಯಂ ಕೇರಿ ಮತ್ತು ಅವರ ಶ್ರೀರಾಂಪುರದ ಸಂಗಡಿಗರು, ಆಸ್ತಿ ಮತ್ತು ಅಧಿಕಾರದ ಜಗಳದಲ್ಲಿ 1827ರಲ್ಲಿ ಇಂಗ್ಲೆಂಡಿನ ತಮ್ಮ ಸಂಘದಿಂದಲೇ ಹೊರನಡೆದಿದ್ದರು. ಪಾಲಮೂರಿನ ಕ್ಷೇತ್ರವನ್ನು 1937ರಲ್ಲಿ ಮೆನೊನೈಟ್ ಬ್ರದರೆನ್‌ರಿಗೆ ವಹಿಸಿಕೊಟ್ಟದ್ದೂ ಎರಡು ವಿದೇಶಿ ಮಂಡಳಿಗಳ ನಡುವಿನ ಒಪ್ಪಂದದಿಂದ. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರ ಮಾತು ಕೇಳುವ ಮತ, ಆಸ್ತಿಯ ವಿಚಾರಕ್ಕೆ ಬಂದಾಗ ಆ ನಿಯಮಕ್ಕೆ ನಿಷ್ಠವಾಗಿ ಉಳಿಯಲಿಲ್ಲ.

ತೆಲುಗು ಬ್ಯಾಪ್ಟಿಸ್ಟ್ ಸಭೆಗಳ ಸಮಾವೇಶಂ ರೂಪುಗೊಂಡು ಮಿಷನ್ನಿನ ಹೊಣೆ ಹೊತ್ತದ್ದು 1962ರಲ್ಲಿ. ಗುಂಡ್ಲಕಮ್ಮ ಹೊಳೆಗೆ ಇಳಿದ ದಿನದಿಂದ ಎಣಿಸಿದರೆ 84 ವರ್ಷ.